ಹಿಂದೋಳಕ್ಕೆ ಪಂಚಮ ಎಲ್ಲಿಂದ ಬಂತು?

ಇಪ್ಪತ್ತೆಂಟು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತಾ ಗಿಟಾರ್ ನುಡಿಸುತ್ತಿದ್ದೇನೆ. ಗಣಪತಿ ಪೆಂಡಾಲು, ಜಾತ್ರೆ, ರಾಜ್ಯೋತ್ಸವ, ಆರತಕ್ಷತೆ ಅಂತ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸುತ್ತ ನಾವು ಹತ್ತದ ವೇದಿಕೆ ಕಡಿಮೆ. ಏಟು ತಿಂದು ಕಲಿತದ್ದು ಇಷ್ಟು.

1. ರುದ್ರಪಟ್ಟಣದಲ್ಲಿ ಗಿಟಾರಿನ ಕಾರ್ಡ್ (ಸ್ವರಗುಚ್ಛ) ನೋಡಿಕೊಂಡು ಹಿಡಿಯಿರಿ. ಇದು ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳಿಗೆ ಧ್ಯಾನಮಂದಿರ ಕಟ್ಟಿಸಿದ ಊರು. ಇಲ್ಲಿ ಜಗಲಿಯ ಮೇಲೆ ಸುಮ್ಮನೆ ಕೂತವರ ಕಿವಿ ಸುಮ್ಮನೆ ಕೂತಿರುವುದಿಲ್ಲ. ಒಮ್ಮೆ ಹಿಂದೋಳ ರಾಗದ ಛಾಯೆಯ ಸಿನಿಮಾ ಹಾಡು ಹಾಡಿದೆ. ಶ್ರುತಿ ಒಂದನೇ ಮನೆ, ಅಂದರೆ ಸಿ. ಬೆರಳು ಅಭ್ಯಾಸಬಲದಿಂದ ಸಿ ಮೈನರ್ ಹಿಡಿಯಿತು. ಚಪ್ಪಾಳೆಯೂ ಬಿತ್ತು. ಕೆಳಗಿಳಿದಾಗ ಹಿರಿಯರೊಬ್ಬರು ಎಲೆ ಅಡಿಕೆ ಮಡಿಸುತ್ತಾ ಕೇಳಿದರು: "ಹಾಡಿದ್ದು ಚೆನ್ನಾಗಿತ್ತಪ್ಪ. ಹಿಂದೋಳಕ್ಕೆ ಪಂಚಮ ಎಲ್ಲಿಂದ ಬಂತು?"

ಮನೆಗೆ ಬಂದು ತಂತಿ ಮೀಟಿ ನೋಡಿದೆ. ಸಿ ಮೈನರ್ ಅಂದರೆ ಷಡ್ಜ, ಗಾಂಧಾರ, ಪಂಚಮ. ಹಿಂದೋಳದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ನಾನು ಬಾಯಲ್ಲಿ ಬಿಟ್ಟದ್ದನ್ನು ಕೈ ನುಡಿಸುತ್ತಿತ್ತು! ಎಫ್ ಮೈನರ್ ಹಿಡಿದರೆ ಮಧ್ಯಮ, ಧೈವತ, ಷಡ್ಜ ಸಿಗುತ್ತವೆ. ಎ ಫ್ಲಾಟ್ ಮೇಜರ್‌ನಲ್ಲಿ ಧೈವತ, ಷಡ್ಜ, ಗಾಂಧಾರ. ಎರಡೂ ರಾಗದೊಳಗೇ ಇವೆ. ಅಂದಿನಿಂದ ಹೊಸ ಹಾಡು ಕಲಿತರೆ ಮೊದಲು ಆರೋಹಣ ಅವರೋಹಣ ಬರೆದುಕೊಳ್ಳುತ್ತೇನೆ, ಆಮೇಲೆ ಕಾರ್ಡ್.

2. ಶ್ರುತಿ ಸೇರಿಸುವುದು ವೇದಿಕೆಯ ಮೇಲೆ, ದೀಪ ಹಾಕಿದ ಮೇಲೆ. ಹೊಳೆದಂಡೆಯ ಚಳಿಗೆ ಉಕ್ಕಿನ ತಂತಿ ಬಿಗಿದು ಸ್ವರ ಏರುತ್ತದೆ; ದೊಡ್ಡ ಲೈಟಿನ ಕಾವಿಗೆ ಸಡಿಲಗೊಂಡು ಇಳಿಯುತ್ತದೆ. ಪರದೆಯ ಹಿಂದೆ ಸರಿಯಾಗಿದ್ದ ಗಿಟಾರ್ ಎರಡನೇ ಹಾಡಿಗೆ ಅಪಸ್ವರ ನುಡಿದರೆ ತಂತಿಯನ್ನು ಬೈಯಬೇಡಿ.

3. ಹಾಡುವಾಗ ಕೈ ತುಂಟಾಟ ಮಾಡಬಾರದು. ಹೊಸತರಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಬಿರುಸಾದ ತುಣುಕು ಸೇರಿಸುತ್ತಿದ್ದೆ. ಸಾಹಿತ್ಯ ಯಾರಿಗೂ ಕೇಳಿಸುತ್ತಿರಲಿಲ್ಲ. ಅಮೆರಿಕದಲ್ಲಿ ಕೌಂಟ್ ಬೇಸಿಯ ದೊಡ್ಡ ವಾದ್ಯವೃಂದಕ್ಕೆ 1937ರಲ್ಲಿ ಸೇರಿದ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್, 1987ರಲ್ಲಿ ಸಾಯುವವರೆಗೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡಿದರು: ಆವರ್ತಕ್ಕೆ ನಾಲ್ಕು ಮೀಟು. ಒಂಟಿಯಾಗಿ ನುಡಿಸಿದ್ದು ಬಲು ಅಪರೂಪ. ಟ್ರಂಪೆಟ್ಟು, ಸ್ಯಾಕ್ಸೊಫೋನುಗಳ ಅಬ್ಬರದ ಕೆಳಗೆ ಆ ನಾಲ್ಕು ಮೀಟಿನ ಮೇಲೆ ಇಡೀ ಬಳಗ ನಡೆಯಿತು. ಇದನ್ನು ನಮ್ಮ ಹುಡುಗರಿಗೆ ಹೇಳಿದರೆ ನಗುತ್ತಾರೆ. ನಗಲಿ.

4. ಗಿಟಾರಿನ ಕತ್ತಿಗೆ ಬಿಗಿಯುವ ಕೇಪೋ ಜೇಬಿನಲ್ಲಿರಲಿ. ಗಾಯಕಿಗೆ ಗಂಟಲು ಕಟ್ಟಿದ ದಿನ ಅರ್ಧ ಮನೆ ಇಳಿಸಿ ಅಂತಾರೆ. ಕೀಬೋರ್ಡಿನವನು ಒಂದು ಗುಂಡಿ ಒತ್ತಿ ಕೂರುತ್ತಾನೆ, ಒದ್ದಾಡುವವರು ನಾವು.

5. ಕೈಲಿರುವ ಕೆಲಸ ಬಿಡಬೇಡಿ. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರು. 2005ರಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಅರಮನೆ ಮೈದಾನ ತುಂಬಿಸಿದ ಮನುಷ್ಯನೂ ಹಾಜರಿ ಹಾಕಿ ಬಂದವರೇ. ನಮ್ಮ ಕಡೆ ರಾಮನಾಥಪುರದ ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿಗೆ ಬೆಲೆ ಬಂದ ವರ್ಷ ಆರ್ಕೆಸ್ಟ್ರಾಗೆ ಕರೆ ಹೆಚ್ಚು. ಬೆಲೆ ಬೀಳುವ ವರ್ಷವೂ ಬರುತ್ತದೆ. ನನ್ನನ್ನು ಉಳಿಸಿದ್ದು ಗೊಬ್ಬರದ ಅಂಗಡಿ.

6. ಅರ್ಧ ದುಡ್ಡು ಮುಂಗಡ. ಒಂದೂರಿನಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಸಮಿತಿಯವರೇ ಮಾಯ. ರಾತ್ರಿ ಎರಡಕ್ಕೆ ವ್ಯಾನಿನವನಿಗೆ ನನ್ನ ಗಡಿಯಾರ ಅಡವಿಟ್ಟೆ.

7. ಹಾಡುವ ಮುಂಚೆ ಬೋಂಡಾ ತಿನ್ನಬೇಡಿ. ವಿವರಣೆ ಬೇಡ.

ಗಿಟಾರ್ ಕಲಿಯಬೇಕೆನ್ನುವ ಮಕ್ಕಳು ಭಾನುವಾರ ಬೆಳಿಗ್ಗೆ ಅಂಗಡಿಯ ಮಾಳಿಗೆಗೆ ಬರಬಹುದು. ಫೀಸು ಬೇಡ. ತಂತಿ ಮಾತ್ರ ನೀವೇ ತನ್ನಿ. ಎಲ್ಲಕ್ಕಿಂತ ಸಣ್ಣ ತಂತಿ ಎರಡಿರಲಿ, ಅದೇ ಮೊದಲು ಕಿತ್ತುಹೋಗುವುದು.