ಅಂಕಿಯ ಪೂರ್ವಾಪರ ವಿಚಾರಿಸಿ

ಎಂ.ಫಾರ್ಮ್ ಸಿನಾಪ್ಸಿಸ್ ಬರೆಯಲು ಕೂತಿರುವ ಮಕ್ಕಳೇ, ಯಾವ ಔಷಧ ಯಾವ ರಿಸೆಪ್ಟರ್‌ಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬ ಲೆಕ್ಕ ಇವತ್ತು ನಿಮಗೆ ಕೂತಲ್ಲೇ, ಬಿಡಿಗಾಸು ಖರ್ಚಿಲ್ಲದೆ ಸಿಗುತ್ತದೆ. ಸಿಗಲಿ, ಧಾರಾಳವಾಗಿ ಬಳಸಿ. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕಂಪ್ಯೂಟರ್ ಮುಂದೆಯೂ ಮರೆಯಬೇಡಿ.

ಮೊದಲಿಗೆ, ಯಾವುದಕ್ಕೆ ಎಲ್ಲಿ ಹುಡುಕಬೇಕು ಎಂಬುದು ಗೊತ್ತಿರಲಿ. ಎಡಿನ್‌ಬರೋ ವಿಶ್ವವಿದ್ಯಾಲಯದವರು ನಡೆಸುವ 'ಗೈಡ್ ಟು ಫಾರ್ಮಕಾಲಜಿ' ಎಂಬ ಡೇಟಾಬೇಸ್ ಗಾತ್ರದಲ್ಲಿ ಚಿಕ್ಕದು. ಆಯಾ ರಿಸೆಪ್ಟರ್ ಕುಟುಂಬವನ್ನು ಅರೆದು ಕುಡಿದವರು ಆರಿಸಿ ಕೊಟ್ಟ ಮಾಹಿತಿ ಅದರಲ್ಲಿದೆ. ರಿಸೆಪ್ಟರ್‌ಗಳ ಹೆಸರು ಮತ್ತು ವರ್ಗೀಕರಣ ನಿರ್ಧರಿಸಲೆಂದು 1987ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಸಮಿತಿ ಅದರ ಬೆನ್ನಿಗಿದೆ. ಕೇಂಬ್ರಿಜ್ ಬಳಿಯ ಹಿಂಕ್ಸ್‌ಟನ್‌ನಲ್ಲಿರುವ 'ಕೆಂಬಲ್' ದೊಡ್ಡ ಕಣಜ. ಪ್ರಕಟವಾದ ಲೇಖನಗಳಿಂದ ಹೆಕ್ಕಿದ 20 ಲಕ್ಷಕ್ಕೂ ಹೆಚ್ಚು ಸಂಯುಕ್ತಗಳು ಅಲ್ಲಿವೆ. ರಿಸೆಪ್ಟರ್‌ನ ಪರಿಚಯ ಬೇಕಾದರೆ ಮೊದಲನೆಯದಕ್ಕೆ ಹೋಗಿ, ಸಂಯುಕ್ತಗಳ ರಾಶಿ ಬೇಕಾದಾಗ ಎರಡನೆಯದಕ್ಕೆ.

ಅಂಕಿ ಸಿಕ್ಕ ಮೇಲೆ ನಿಜವಾದ ಕೆಲಸ ಶುರು. ಪ್ರೊಪ್ರನೊಲಾಲ್ ತೆಗೆದುಕೊಳ್ಳಿ. ಅದು ಬೀಟಾ ರಿಸೆಪ್ಟರ್‌ಗಳನ್ನು ತಡೆಯುತ್ತದೆ ಎಂಬುದು ನಿಮಗೆ ಬಾಯಿಪಾಠ. ಸಿರೊಟೋನಿನ್‌ನ 5-ಎಚ್‌ಟಿ1ಬಿ ರಿಸೆಪ್ಟರ್ ಮೇಲೆ ಅದರ ಪ್ರಭಾವ ಹುಡುಕಿದರೆ, ಇಲಿಯ ರಿಸೆಪ್ಟರ್‌ಗೆ ಬಿಗಿಯಾಗಿ ಅಂಟುತ್ತದೆ, ಮನುಷ್ಯನದಕ್ಕೆ ತೀರಾ ಸಡಿಲ. ಎರಡಕ್ಕೂ ಹೆಸರು ಒಂದೇ, ಅಮೈನೊ ಆಮ್ಲಗಳ ಸರಣಿಯೂ ಹೆಚ್ಚುಕಡಿಮೆ ಒಂದೇ. ಮನುಷ್ಯನಲ್ಲಿ 355ನೇ ಸ್ಥಾನದಲ್ಲಿರುವುದು ಥ್ರಿಯೋನಿನ್. ಇಲಿಯಲ್ಲಿ ಆ ಜಾಗದಲ್ಲಿ ಆಸ್ಪರಜಿನ್. ಮನುಷ್ಯನ ರಿಸೆಪ್ಟರ್‌ನಲ್ಲಿ ಅದೊಂದನ್ನೇ ಬದಲಿಸಿದರೆ ಅದು ಇಲಿಯದರಂತೆಯೇ ವರ್ತಿಸುತ್ತದೆ ಎಂದು 1992ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಆರ್ಗನಿಸಂ ಎಂಬ ಕಾಲಂ ನೋಡದೆ ಇಲಿಯ ಅಂಕಿಯನ್ನು ಮನುಷ್ಯನ ಲೆಕ್ಕಕ್ಕೆ ಬರೆದುಕೊಂಡರೆ, ಆಮೇಲೆ ನೀವು ಮಾಡುವ ಡಾಕಿಂಗ್, ಗ್ರಾಫ್ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಕೆಐ ಮತ್ತು ಐಸಿ50 ಅಂಕಿಗಳನ್ನು ಬೆರೆಸಬೇಡಿ. ಪ್ರಯೋಗದಲ್ಲಿ ಎಷ್ಟು ರೇಡಿಯೋಲಿಗ್ಯಾಂಡ್ ಹಾಕಿದ್ದರು ಎಂಬುದರ ಮೇಲೆ ಐಸಿ50 ಏರಿಳಿಯುತ್ತದೆ. ಎರಡು ಲ್ಯಾಬ್‌ಗಳು ಒಂದೇ ಔಷಧಕ್ಕೆ ಬೇರೆ ಬೇರೆ ಐಸಿ50 ಕೊಟ್ಟು, ಎರಡೂ ಸರಿಯಿರಬಹುದು. ಕೆಂಬಲ್ ಇವನ್ನೆಲ್ಲ ಒಂದೇ ಲಾಗ್ ಅಳತೆಗೆ ತಂದು ಸಾಲಾಗಿ ನಿಲ್ಲಿಸುತ್ತದೆ. 9 ಎಂದರೆ ಒಂದು ನ್ಯಾನೊಮೋಲಾರ್, 6 ಎಂದರೆ ಒಂದು ಮೈಕ್ರೊಮೋಲಾರ್, ನಡುವೆ ಸಾವಿರ ಪಟ್ಟು ಅಂತರ. ಅಳತೆ ಒಂದಾದ ಮಾತ್ರಕ್ಕೆ ಪ್ರಯೋಗ ಒಂದಾಗುವುದಿಲ್ಲ.

ಮಾಹಿತಿ ಏನೂ ಇಲ್ಲದಿದ್ದರೆ 'ಅಂಟುವುದಿಲ್ಲ' ಎಂದು ತೀರ್ಮಾನಿಸಬೇಡಿ. ಯಾರೂ ಪರೀಕ್ಷಿಸಿರಲಿಕ್ಕಿಲ್ಲ, ಅಷ್ಟೇ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ ಗುರಿಯಿಟ್ಟದ್ದು ಹಿಸ್ಟಮಿನ್ ಎಚ್1 ರಿಸೆಪ್ಟರ್‌ಗೆ. ಹೃದಯದ ಹರ್ಗ್ ಪೊಟ್ಯಾಸಿಯಂ ಚಾನಲನ್ನೂ ಅದು ತಡೆಯುತ್ತದೆ, ಎದೆಬಡಿತವನ್ನು ಅಪಾಯಕರವಾಗಿ ಏರುಪೇರು ಮಾಡಬಲ್ಲದು ಎಂದು ತಿಳಿದದ್ದು ಜನ ನುಂಗತೊಡಗಿ ವರ್ಷಗಳಾದ ಮೇಲೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು.

ಹಾಗಾಗಿ ನಿಮ್ಮ ವಾದ ಯಾವ ಅಂಕಿಯ ಮೇಲೆ ನಿಂತಿದೆಯೋ ಅದರ ಮೂಲ ಲೇಖನ ತೆರೆಯಿರಿ. ಸಾರಾಂಶಕ್ಕೆ ನಿಲ್ಲದೆ ಪ್ರಯೋಗ ವಿಧಾನದ ಭಾಗ ಓದಿ. ಡೇಟಾಬೇಸ್‌ನ ಆವೃತ್ತಿ, ನೋಡಿದ ತಾರೀಖು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ಆವೃತ್ತಿಯಲ್ಲಿ ಮಾಹಿತಿ ಬದಲಾಗಬಹುದು. ಲೇಖನಕ್ಕೂ ಡೇಟಾಬೇಸ್‌ಗೂ ತಾಳೆಯಾಗದಿದ್ದರೆ ಸಂಕೋಚಪಡದೆ ಅದನ್ನು ನಡೆಸುವವರಿಗೆ ಬರೆಯಿರಿ.

ಈ ಅಂಕಿ ಎಲ್ಲಿಂದ ಬಂತು ಎಂದು ವೈವಾದಲ್ಲಿ ಕೇಳೇ ಕೇಳುತ್ತಾರೆ. 'ಡೇಟಾಬೇಸ್‌ನಿಂದ ಸರ್' ಎಂದರೆ ಪರೀಕ್ಷಕರಿಗೆ ಸಾಲದು. ಯಾವ ಜೀವಿಯ ರಿಸೆಪ್ಟರ್, ಯಾವ ಜೀವಕೋಶ, ಯಾವ ರೇಡಿಯೋಲಿಗ್ಯಾಂಡ್ ಎಂದು ತಡವರಿಸದೆ ಹೇಳುವಷ್ಟು ಓದಿಕೊಂಡೇ ಒಳಗೆ ಹೋಗಿ.