ಕಾಳಿನ ಡಬ್ಬಿ ಮುಚ್ಚುವ ಮುಂಚೆ

ಊರಿನ ಅವರೆ, ಅಲಸಂದೆ, ತೊಗರಿ ತಂದು ಠಾಣೆಯ ಮಾಜಿವಾಡಾದ ಗ್ಯಾಲರಿ ಕುಂಡದಲ್ಲಿ ಬಿತ್ತಿ, ಬೀಜ ಉಳಿಸಿಕೊಳ್ಳುವ ನಮ್ಮ ಸೊಸೆಯಂದಿರಿಗೆ, ಅಳಿಯಂದಿರಿಗೆ ನಾಲ್ಕು ಮಾತು.

• ಬೀಜದ ಕಾಯಿ ಬಳ್ಳಿಯಲ್ಲೇ ಒಣಗಲಿ. ಹಸಿರಿದ್ದಾಗಲೇ ಕಿತ್ತರೆ ಕಾಳು ಸುಕ್ಕುಗಟ್ಟುತ್ತದೆ. ಕಾಳು ಕಟ್ಟುವಾಗ ನೀರು ತಪ್ಪಿದರೂ ಅಷ್ಟೇ.

• ಹಾಗಂತ ಒಣಗಿದ ಮೇಲೂ ಬಿಡಬೇಡಿ. ಹುಳ ಡಬ್ಬಿಯಲ್ಲಿ ಹುಟ್ಟುತ್ತದೆ ಅಂದುಕೊಂಡಿದ್ದೀರಿ. ಎಷ್ಟೋ ಸಲ ಅದು ಹೊಲದಿಂದಲೇ ಬರುತ್ತದೆ. ದುಂಬಿ ಕಾಯಿಯ ಮೇಲೇ ಮೊಟ್ಟೆಯಿಡುತ್ತದೆ, ಮರಿ ಕಾಳಿನೊಳಗೆ ಕೂತು ತಿನ್ನುತ್ತದೆ. ದುಂಡನೆಯ ತೂತು ಕಾಣುವ ಹೊತ್ತಿಗೆ ಅದು ಉಂಡು ಹೊರಟಾಗಿರುತ್ತದೆ. ಚೆನ್ನಾಗಿ ಒಣಗಿಸಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದೊಡನೆ ಮುಚ್ಚಳ ತೆರೆಯಬೇಡಿ, ಬೀಜ ಬೆವರುತ್ತದೆ.

• ಮಳೆಗೆ ಸಿಕ್ಕ ಹೆಸರು ಕಾಯೊಳಗೇ ಮೊಳೆಯುತ್ತದೆ. ಠಾಣೆ ಜಿಲ್ಲೆಯ ರೈತರನ್ನು ನೋಡಿ: ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ವಾಲ್, ಅಂದರೆ ಅವರೆ, ಬೆಳೆಯುತ್ತಾರೆ, ಕಾಯಿ ಒಣಗುವಾಗ ಮಳೆಯ ಕಾಟವಿಲ್ಲ. ಬೂಸ್ಟು ಹಿಡಿದ ಕಾಳು ಬಿತ್ತನೆಗೂ ಬೇಡ, ಸಾರಿಗೂ ಬೇಡ.

• ಮಾಗಡಿ ಕಡೆಯ ನಾಟಿ ಅವರೆ ಹಗಲು ಗಿಡ್ಡವಾದಾಗಲೇ ಹೂ ಬಿಡುವುದು. ಫೆಬ್ರವರಿಯಲ್ಲಿ ಬಿತ್ತಿ ಬೀಜವನ್ನು ಬೈಯಬೇಡಿ. ಯಾವ ಕಾಲಕ್ಕೂ ಆಗಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಅಥವಾ 4 ತನ್ನಿ.

• ಹಲ್ಲಿಗಿಟ್ಟರೆ ಕಾಳು ಟಕ್ಕನೆ ಒಡೆಯಬೇಕು; ತಗ್ಗಿದರೆ ಇನ್ನೂ ಬಿಸಿಲು ಬೇಕು. ಪ್ರಮಾಣಿತ ತೊಗರಿ, ಹೆಸರು ಬೀಜಕ್ಕೆ ಸರ್ಕಾರ ಇಟ್ಟ ಮಿತಿ ಶೇ. 9 ತೇವಾಂಶ, ತೇವ ಒಳಹೋಗದ ಡಬ್ಬಿಗಾದರೆ ಶೇ. 8. ಶೇ. 1 ತೇವ ಏರಿದರೆ ಬೀಜದ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಖಾಡಿ (ಸಮುದ್ರದ ಹಿನ್ನೀರು) ಪಕ್ಕದ ಠಾಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಆದ್ದರಿಂದ ಒಣಗಿಸುವ ಕೆಲಸ ಮೇ ತಿಂಗಳಲ್ಲೇ ಮುಗಿಯಲಿ. ಸೊಸೈಟಿಯವರು ಟೆರೇಸಿಗೆ ಬೀಗ ಹಾಕಿದ್ದರೆ ಕೀಲಿ ಕೇಳಿ, ನಾಚಿಕೆಯೇನು!

• ಹುಳ ಬಾರದಂತೆ ಕಾಳಿಗೆ ಬೂದಿ ಬೆರೆಸುವುದು, ತೊಗರಿಗೆ ಕೆಮ್ಮಣ್ಣು ಹಚ್ಚುವುದು ಇವೆಲ್ಲ ಊರಿನ ಒಳ್ಳೇ ಪದ್ಧತಿಗಳೇ. ಬೇವಿನ ಸೊಪ್ಪು ಮಾತ್ರ ಒಣಗಿರಲಿ. ಹಸಿ ಸೊಪ್ಪು ಡಬ್ಬಿಗೆ ತೇವ ತುಂಬುತ್ತದೆ.

• ಅಡುಗೆಯ ಕಾಳನ್ನೂ ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿಡಬೇಡಿ. ಬಿಸಿ, ಆವಿ ಎರಡೂ ತಾಗಿದ ಹಳೇ ಕಾಳು ಎಷ್ಟು ಸೀಟಿ ಕೂಗಿಸಿದರೂ ಬೇಯುವುದಿಲ್ಲ.

• ಬಿತ್ತುವ ಮುಂಚೆ 20 ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 15 ಮೊಳೆತರೆ ಬಿತ್ತಿ. ಕಡಿಮೆಯಾದರೆ ಆ ಬೀಜದ ಆಸೆ ಬಿಟ್ಟು ಊರಿಂದ ಹೊಸದು ತರಿಸಿ.