ಕೆರೆ ಏರಿಯ ಮೇಲೆ ಕ್ಯಾಮೆರಾ: ಹಕ್ಕಿ ಹುಡುಕುವ ಮುನ್ನ ಬಿಸಿಲು ನೋಡಿ

ಚಿತ್ರದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣನಾಯಕ ಕಟ್ಟಿಸಿದ ಭರಮಸಾಗರದ ಕೆರೆಗೆ 2021ರಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು ಹರಿದು ಬಂತು. ಬಯಲುಸೀಮೆಯಲ್ಲಿ ಕೆರೆ ತುಂಬಿದರೆ ಬೆಳ್ಳಕ್ಕಿ, ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿಗಳಿಗೆ ಕರೆ ಕಳಿಸಬೇಕಿಲ್ಲ. ಅವುಗಳ ಹಿಂದೆಯೇ ಕ್ಯಾಮೆರಾ ಹಿಡಿದವರೂ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಹಕ್ಕಿ ಕಂಡ ಕಡೆಗೆ ಓಡುತ್ತಾರೆ, ಸೂರ್ಯ ಎಲ್ಲಿದ್ದಾನೆಂದು ನೋಡುವುದೇ ಇಲ್ಲ.

ಮೊದಲ ಕೆಲಸ ಅದೇ. ಸೂರ್ಯ ಬೆನ್ನಿಗಿರುವಂತೆ, ತನ್ನ ನೆರಳು ಹಕ್ಕಿಯ ಕಡೆಗೆ ಚಾಚುವಂತೆ ಜಾಗ ಹಿಡಿಯಬೇಕು. ಬೆಳಿಗ್ಗೆ ಸೂರ್ಯ ಹುಟ್ಟಿದಾಗಿನಿಂದ ಒಂಬತ್ತರವರೆಗೆ, ಸಂಜೆ ನಾಲ್ಕರ ನಂತರ ಬೆಳಕು ಓರೆಯಾಗಿ ಬಿದ್ದು ಕಣ್ಣಲ್ಲಿ ಹೊಳಪು ಮೂಡುತ್ತದೆ. ನಡು ಹಗಲಲ್ಲಿ ನೆರಳು ಹಕ್ಕಿಯ ಹೊಟ್ಟೆಯಡಿ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಂತೂ ನೆಲದಿಂದೇಳುವ ಝಳ ಉದ್ದ ಲೆನ್ಸಿನ ಮುಂದೆ ಕುಣಿಯುವುದರಿಂದ ಎಷ್ಟು ದುಬಾರಿ ಕ್ಯಾಮೆರಾ ಆದರೂ ಚಿತ್ರ ಮಸುಕು.

ಎರಡನೆಯದು ಗಾಳಿ. ಬೆಟ್ಟದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ಇದನ್ನು ಮರೆಯುವಂತಿಲ್ಲ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಇಳಿಯುತ್ತವೆ. ಗಾಳಿಯೂ ಬಿಸಿಲೂ ಎರಡೂ ಬೆನ್ನಿಗಿದ್ದರೆ ತಂತಿಯ ಮೇಲೆ ಕೂತ ನೀಲಕಂಠ ರೆಕ್ಕೆಯ ನೀಲಿ ಬಿಚ್ಚಿ ಕ್ಯಾಮೆರಾದ ಕಡೆಗೇ ಹಾರುವ ಸಾಧ್ಯತೆ ಹೆಚ್ಚು.

ಇನ್ನು ಸೆಟ್ಟಿಂಗ್. ಕೂತ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/500 ಸಾಕು, ಹಾರುವುದಕ್ಕೆ 1/2000 ಬೇಕು. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಲು ಹಿಂಜರಿಯಬಾರದು. ಕಾಳುಕಾಳಾದ ಚಿತ್ರವನ್ನು ಆಮೇಲೆ ಸರಿಮಾಡಬಹುದು, ಅಲುಗಾಡಿದ್ದನ್ನು ಆಗದು. ಕಪ್ಪು ನೀರಿನೆದುರು ನಿಂತ ಬೆಳ್ಳಕ್ಕಿ ಕ್ಯಾಮೆರಾವನ್ನು ಮೋಸಗೊಳಿಸುತ್ತದೆ. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿದಾಗ ಗರಿಯ ಗೆರೆಗಳೆಲ್ಲ ಸುಣ್ಣ ಬಳಿದ ಗೋಡೆಯಾಗುತ್ತವೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ನಷ್ಟು ಇಳಿಸಬೇಕು. ಬಿಳಿ ಆಕಾಶದೆದುರಿನ ನೀರುಕಾಗೆಗೆ ಇದರ ತಿರುಗುಮುರುಗು, ಒಂದು ಸ್ಟಾಪ್ ಏರಿಸಬೇಕು.

ಕಪ್ಪುಬಿಳಿ ಮಿಂಚುಳ್ಳಿ ಕಲಿಯುವವರ ಪಾಲಿನ ಗುರು. ಮೀನಿಗಾಗಿ ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಲ್ಲುವುದರಿಂದ ಕಣ್ಣಿಗೆ ಫೋಕಸ್ ಹಿಡಿಯಲು ಸಮಯ ಸಿಗುತ್ತದೆ.

ಚೌಕಟ್ಟು ನಿರ್ಧಾರವಾಗುವುದು ಕಾಲಲ್ಲಿ. ಏರಿಯ ಮೇಲೆ ನಿಂತು ಕೆಳಗೆ ನೋಡಿ ತೆಗೆದ ಗುಳುಮುಳುಕ ನೀರಲ್ಲಿ ತೇಲುವ ಕಂದು ಚುಕ್ಕೆ, ಅಷ್ಟೇ. ದಡಕ್ಕಿಳಿದು ಹೊಟ್ಟೆಯ ಮೇಲೆ ಮಲಗಿದರೆ ಅದರ ಕಣ್ಣು, ಹಿಂದಿನ ಮಸುಕು ನೀರು, ಪ್ರತಿಬಿಂಬ ಮೂರೂ ಸಿಗುತ್ತವೆ. ಪ್ರತಿಬಿಂಬವನ್ನು ಅರ್ಧಕ್ಕೆ ಕತ್ತರಿಸಬಾರದು. ಹಕ್ಕಿ ನೋಡುತ್ತಿರುವ ದಿಕ್ಕಿಗೆ ಜಾಗ ಹೆಚ್ಚು ಬಿಡಬೇಕು. ತಲೆಯ ಹಿಂದೆ ಕಡ್ಡಿಯೋ ಕಂಬವೋ ಅಡ್ಡ ಬಂದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಬೇಕು.

ಹಕ್ಕಿಯನ್ನು ಫ್ರೇಮಿನ ತುಂಬ ತುಂಬಿಸುವ ಗೀಳು ಈಗ ಅತಿಯಾಗಿದೆ. ದೂರದ ಗುಡ್ಡ, ಜಾಲಿಗಿಡ, ಅದರಲ್ಲೊಂದು ಪುಟ್ಟ ಹಕ್ಕಿ ಇರುವ ಚಿತ್ರ ಅದು ಯಾವ ಸೀಮೆಯದೆಂದು ತಾನೇ ಹೇಳುತ್ತದೆ. ಎದುರು ಬೆಳಕೂ ಬೇಡವೆನ್ನುವಂತಿಲ್ಲ. ಸಂಜೆ ಸೂರ್ಯನಿಗೆ ಎದುರಾಗಿ ತೆಗೆದರೆ ಗರಿಯಂಚು ಬೆಳ್ಳಿಗೆರೆಯಾಗುತ್ತದೆ. ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಗೆ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆ ತಮ್ಮ ಪುಸ್ತಕಕ್ಕೆ ಇಟ್ಟ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’.

ಗೂಡಿನ ಚಿತ್ರ ಬೇಡ. ಮರೆಯಾದ ಕೊಂಬೆ ಸವರಿದರೆ ಕಾಗೆಗೆ ದಾರಿ ತೋರಿಸಿದಂತೆ. ಕಾಡುಹಕ್ಕಿಗಳ ಗೂಡಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯೆಂದೇ ಎಣಿಸುತ್ತದೆ. ಕೆರೆಯಿಂದ ಮುಂದುವರಿದು ಜೋಗಿಮಟ್ಟಿ ವನ್ಯಧಾಮದೊಳಗೆ ಚಿತ್ರ ತೆಗೆಯುವ ಯೋಚನೆಯಿದ್ದರೆ ಚಿತ್ರದುರ್ಗದ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ಅನುಮತಿ ಪಡೆಯಬೇಕು.